ಪಂಚಮಿಯ ಗಂಟು

ಶಾಲೆಗೆ ರಜೆಯಿತ್ತು, ಆದರೂ ಶಾಲೆಯ ತುಂಬ ಮಕ್ಕಳಿದ್ದರು. ಆ ಶ್ರಾವಣದಲ್ಲಿ ಕೃಷ್ಣೆ ಉಕ್ಕಿ ಜುಗೂಳದೊಳಗೆ ನುಗ್ಗಿದ್ದಳು. ಊರವರನ್ನೆಲ್ಲ ಬೋಟಿನಲ್ಲಿ ಹೊತ್ತು ತಂದು ಕಾಗವಾಡದ ಕಡೆಯ ಒಂದು ಶಾಲೆಗೆ ಇಳಿಸಿದ್ದರು. ಗೇಟಿಗೆ ‘ನಿರಾಶ್ರಿತರ ಕೇಂದ್ರ’ ಅಂತ ಬ್ಯಾನರ್ ಕಟ್ಟಿದ್ದರು. ಮನೆ ಹೋಯಿತು, ಕಾಳುಕಡಿ ಹೋಯಿತು, ಬದಲಿಗೆ ಇದೊಂದು ಹೊಸ ಹೆಸರು ಬಂತು. ಗಂಡ ತೀರಿದ ಮೇಲೂ ಕೂಲಿ ಮಾಡಿ ತಲೆಯೆತ್ತಿ ಬದುಕಿದ್ದ ಸುಂದರಾ ಈಗ ಹೊತ್ತು ಹೊತ್ತಿಗೆ ತಾಟು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಬಂದವರು ಬಾಳೆಹಣ್ಣು ಕೊಟ್ಟು ಫೋಟೊ ತೆಗೆಸಿಕೊಂಡರೆ ಅದಕ್ಕೂ ಮುಖ ಕೊಡುತ್ತಿದ್ದಳು. ಇದನ್ನೆಲ್ಲ ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಮಗಳ ಮಾತು ಒಂದೇ.

“ಅವ್ವಾ, ಚಂದ್ರಿ ಇವತ್ತರ ಬರತೈತೇನ?”

“ಬರತೈತಿ ಬಿಡ. ಎಮ್ಮಿಗೆ ಈಸಾಕ ಯಾರರ ಕಲಿಸಬೇಕೇನ?”

“ನೀ ಹಗ್ಗ ಬಿಚ್ಚೀದಿ, ಹೌದಿಲ್ಲೊ?”

“ಬಿಚ್ಚೇನಿ ಅಂತ ಎಷ್ಟ ಸಲ ಹೇಳಲೇ?”

ಬಿಚ್ಚಿರಲಿಲ್ಲ. ನೀರು ಕೊಟ್ಟಿಗೆಗೆ ನುಗ್ಗಿದಾಗ ಮಗಳು ಸಪನಾಳನ್ನು ಮೊದಲೇ ಬೋಟಿಗೆ ಹತ್ತಿಸಿದ್ದರಿಂದ ಅವಳಿಗೆ ಏನೂ ಕಂಡಿರಲಿಲ್ಲ. ಹಿಂದೆ ಬಂದು ಹತ್ತಿದ ಸುಂದರಾ, ಮಗಳು ಕೇಳುವ ಮೊದಲೇ ‘ಬಿಚ್ಚಿ ಬಿಟ್ಟೆ’ ಅಂದುಬಿಟ್ಟಳು.

ಚಂದ್ರಿ ಸಪನಾಳ ಎಮ್ಮೆ. ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಈ ಹುಡುಗಿಯೇ. ಈಗ ಅದಕ್ಕೆ ಚೊಚ್ಚಲ ಗಬ್ಬ. ಸಪನಾ ದಿನವಿಡೀ ಗೇಟಿನ ಬಳಿ ನಿಂತು ರಸ್ತೆ ನೋಡುತ್ತಿದ್ದಳು. ತಾಟಿಗೆ ಹಾಕಿದ್ದರಲ್ಲಿ ಎರಡು ತುತ್ತು ತಿಂದು ಉಳಿದದ್ದನ್ನು ಎಮ್ಮೆಗೆಂದು ಮುಚ್ಚಿಡುತ್ತಿದ್ದಳು. ಕಣ್ಣು ಒಳಗೆ ಹೋಗಿದ್ದವು, ಮೈ ಬಿಸಿಯಾಗುತ್ತಿತ್ತು. ನೀರು ಬೇಗ ಇಳಿಯಲಿ ಎಂದು ಕೋಣೆಯ ಹೆಂಗಸರೆಲ್ಲ ಹರಕೆ ಹೊರುತ್ತಿದ್ದರು. ಸುಂದರಾ ಒಬ್ಬಳೇ ಇಳಿಯದಿರಲಿ ಎಂದು ಕೈ ಮುಗಿಯುತ್ತಿದ್ದಳು. ಇಳಿದರೆ ಕೊಟ್ಟಿಗೆ ಕಾಣುತ್ತದೆ, ಗೂಟ ಕಾಣುತ್ತದೆ, ಗೂಟದಲ್ಲಿದ್ದದ್ದೂ ಕಾಣುತ್ತದೆ. ಇರುವುದು ಒಬ್ಬಳೇ ಮಗಳು. ಅವಳ ಮುಂದೆ ಆಮೇಲೆ ಯಾವ ಮುಖ ಹೊತ್ತು ನಿಲ್ಲುವುದು?

ಶಾಲೆಯಲ್ಲಿ ಪಾಠ ಹೇಳುವ ಶುಭಾಂಗಿ ಅಕ್ಕೋರಿಗೆ ಮಕ್ಕಳು ಮಂಕು ಹಿಡಿದು ಕುಳಿತದ್ದನ್ನು ನೋಡಲಾಗಲಿಲ್ಲ. ಒಂದು ಮುಂಜಾನೆ ಬಕೀಟಿನ ತುಂಬ ಜಿಗುಟು ಮಣ್ಣು ತಂದು ವರಾಂಡದಲ್ಲಿ ಸುರುವಿದರು.

“ಸೂಟಿ ಐತಿ ಅಂತ ಸುಮ್ನ ಕುಂದರೂದಲ್ಲ. ಮನ್ಯಾಗ ಏನ ಬಿಟ್ಟ ಬಂದೀರಿ ಅದನ್ನ ಮಾಡ್ರಿ. ಅವ್ವ ಅಪ್ಪನ್ನೂ ಕರಕೊಂಡ ಬರ್ರಿ.”

ಮಕ್ಕಳು ಒಲೆ ಮಾಡಿದರು, ತುಳಸಿಕಟ್ಟೆ ಮಾಡಿದರು, ಸೈಕಲ್ ಮಾಡಲು ಹೋಗಿ ಬರೀ ಗಾಲಿ ಮಾಡಿದರು. ದರ್ಜಿ ಮಲಂಗಸಾಬನೂ ನಾಚಿಕೆ ಬಿಟ್ಟು ತನ್ನ ಹೊಲಿಗೆ ಯಂತ್ರ ಮಾಡಿದ. ಅವನ ಹೆಂಡತಿ ಸರ್ವರಬಿ, “ಚಕ್ರ ಆಚಿ ಕಡಿಗಿ ಹಚ್ಚೀರಿ. ಇಷ್ಟ ವರ್ಷ ಏನ ಹೊಲದ್ರಿ ನೀವ?” ಎಂದಾಗ ಎಲ್ಲರೂ ನಕ್ಕರು. ನೀರು ಬಂದ ಮೇಲೆ ಆ ಶಾಲೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಸಪನಾ ಎಮ್ಮೆ ಮಾಡಿದಳು. ಹೊಟ್ಟೆ ದೊಡ್ಡದಾಗಿ ಮಾಡಿದಳು. ಗೋಣಿಚೀಲದ ಎಳೆ ಕಿತ್ತು ಕೊರಳಿಗೆ ಬಿಗಿದು, ಇನ್ನೊಂದು ತುದಿಯನ್ನು ಮಣ್ಣಲ್ಲಿ ನೆಟ್ಟ ಕಸಬರಿಗೆ ಕಡ್ಡಿಗೆ ಕಟ್ಟಿದಳು.

“ಈಗ ಒಬ್ಬೊಬ್ಬರ ಹೇಳ್ರಿ ನೋಡೂಣು, ಹೊರಡೂ ಮುಂದ ಏನ ಮಾಡಿದ್ರಿ?” ಅಂದರು ಅಕ್ಕೋರು.

ಸಪನಾ ತಾಯಿಯ ಸೆರಗು ಹಿಡಿದು ಎಳೆದುಕೊಂಡು ಬಂದಳು. “ನಮ್ಮವ್ವ ಚಂದ್ರಿನ್ನ ಬಿಚ್ಚಿ ಬಿಟ್ಟ ಬಂದಾಳ್ರಿ. ಅವ್ವಾ, ಹೆಂಗ ಬಿಚ್ಚಿದಿ ತೋರಸು.”

ಸುಂದರಾ ಕುಳಿತಳು. ಬೇರೆ ದಾರಿಯಿರಲಿಲ್ಲ. ಒಂದು ಎಳೆ ಬಿಚ್ಚುವುದೇನು ದೊಡ್ಡದು, ಬಿಚ್ಚಿ ಎದ್ದು ಹೋದರಾಯಿತು ಎಂದು ಗಂಟಿಗೆ ಕೈ ಹಾಕಿದಳು. ಹಸಿ ಮಣ್ಣಿನಲ್ಲಿ ನೆನೆದ ಎಳೆ ಕಚ್ಚಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಉಗುರು ಜಾರಿತು. ಎಮ್ಮೆಯ ಕೊರಳು ಒಂದು ಕಡೆಗೆ ವಾಲಿತು.

ಅವತ್ತೂ ಹೀಗೇ. ಎದೆಮಟ್ಟ ನೀರು. ಚಂದ್ರಿ ಹೆದರಿ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಅದರ ಬಿಸಿ ಉಸಿರು ಅವಳ ಕೆನ್ನೆಗೆ ಬಡಿಯುತ್ತಿತ್ತು. ಬೋಟಿನಿಂದ ಮಲಂಗಸಾಬ “ಬಾರಬೇ ತಂಗೀ, ಬಾ!” ಎಂದು ಚೀರುತ್ತಿದ್ದ. ತಲೆಯ ಮೇಲೆ ಜಂತಿಗೆ ಸಿಕ್ಕಿಸಿದ ಕುಡಗೋಲು ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು.

ಶುಭಾಂಗಿ ಅಕ್ಕೋರು ಕತ್ತರಿ ಮುಂದೆ ಹಿಡಿದರು. “ಕತ್ತರಿಸಿ ಬಿಡ್ರಿ ಅತ್ತಾಗ.”

ಸುಂದರಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. “ಬ್ಯಾಡ್ರಿ ಅಕ್ಕೋರ, ಇವತ್ತ ಪಂಚಮಿ.”

ಪಂಚಮಿ ಎಂದೋ ಆಗಿ ಹೋಗಿತ್ತು. ವರಾಂಡದಲ್ಲಿದ್ದ ಹೆಂಗಸರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ನೀರು ಮನೆಗೆ ಬಂದದ್ದು ನಾಗರಪಂಚಮಿಯ ದಿನ. ಆ ದಿನ ಹೆಣ್ಣುಮಕ್ಕಳು ಏನನ್ನೂ ಕೊಯ್ಯುವುದಿಲ್ಲ, ಕುಡಗೋಲು ಮುಟ್ಟುವುದಿಲ್ಲ. ಮುಟ್ಟಿದರೆ ಒಡಹುಟ್ಟಿದವರಿಗೆ ಕೇಡು ಎಂದು ಸುಂದರಾಳ ತಾಯಿ ಹೇಳಿಕೊಟ್ಟಿದ್ದಳು. ಅವಳಿಗೆ ಇದ್ದವನು ಒಬ್ಬನೇ ಅಣ್ಣ, ತೆಲಸಂಗದ ಕಾಕಾಸಾಹೇಬ. ಪಂಚಮಿಗೆ ತಂಗಿಯನ್ನು ಕರೆಯಲು ಬರುವುದನ್ನು ಎಂದೋ ಬಿಟ್ಟ ಭೂಪ, ಹೊಳೆ ಬಂದ ಮೇಲೂ ಬದುಕಿದ್ದೀಯಾ ಎಂದು ಕೇಳದವನು. ಅಂಥವನ ಆಯುಷ್ಯಕ್ಕಾಗಿ ಕುಡಗೋಲಿನವರೆಗೆ ಹೋದ ಕೈ ಹಿಂದೆ ಬಂದಿತ್ತು.

ಸಪನಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. “ಅವತ್ತೂ ಕೊಯ್ಲಿಲ್ಲೇನ?”

ಸುಂದರಾ ಮಗಳ ಕೈ ಹಿಡಿದಳು. “ಗಂಟ ಬಿಚ್ಚಲಿಲ್ಲ ನನ್ನವ್ವ. ಭಾಳ ಮಾಡಿದೆ, ಬಿಚ್ಚಲಿಲ್ಲ. ನಮ್ಮಣ್ಣಗ ಏನರ ಆದೀತಂತ...”

“ಕಟ್ಟಿದ್ದಂಗ ಬಿಟ್ಟ ಬಂದ್ಯೇನ?”

ಸುಂದರಾ ತಲೆ ತಗ್ಗಿಸಿದಳು.

ಹುಡುಗಿ ಅಳಲಿಲ್ಲ. ಅಕ್ಕೋರ ಕೈಯಿಂದ ಕತ್ತರಿ ತೆಗೆದುಕೊಂಡು ಎಳೆಯ ಮೇಲಿಟ್ಟು ಒತ್ತಿದಳು. ಕಚ್ ಎಂದು ಎಳೆ ತುಂಡಾಗಿ ಬಿತ್ತು. ತುಂಡಾದ ತುದಿಯನ್ನು ಎತ್ತಿ ತಾಯಿಗೆ ತೋರಿಸಿದಳು.

“ಇಷ್ಟ ಇತ್ತವ್ವ.”

ಸಂಜೆ ಸಪನಾ ಗೇಟಿಗೆ ಹೋಗಲಿಲ್ಲ. ತಾಟು ಹಿಡಿದು ತಾನೇ ಸಾಲಿನಲ್ಲಿ ನಿಂತು ಬಂದು, ತಾಯಿಗೆ ಬೆನ್ನು ಮಾಡಿ ಕುಳಿತು, ಹಾಕಿದ ಅನ್ನವನ್ನೆಲ್ಲ ಉಂಡಳು. ಎಮ್ಮೆಗೆಂದು ಏನೂ ಮುಚ್ಚಿಡಲಿಲ್ಲ. ಮಗಳು ಹೊಟ್ಟೆ ತುಂಬ ಉಣ್ಣಲಿ ಎಂದು ಇಷ್ಟು ದಿನ ಬೇಡಿಕೊಂಡಿದ್ದ ಸುಂದರಾಳಿಗೆ ಆ ಉಣ್ಣುವುದನ್ನು ನೋಡಲಾಗಲಿಲ್ಲ. ಅಂಗಳದಲ್ಲಿ ಯಾರೋ ನೀರು ಇಳಿಯಾಕತ್ತೈತಿ ಎಂದು ಕೂಗಿದರು, ಕೋಣೆಯಲ್ಲಿದ್ದವರೆಲ್ಲ ಎದ್ದು ಓಡಿದರು. ತಾಯಿ ಮಗಳು ಇಬ್ಬರೂ ಕುಳಿತಲ್ಲೇ ಕುಳಿತಿದ್ದರು.