ಒಳಗೆ ಬಿಟ್ಟ ಬಟ್ಟೆ

ನೀರಿನ ಕೊಳವೆ ಹಾಕುತ್ತೇವೆಂದು ನಗರಸಭೆಯವರು ಬೀದಿಯನ್ನು ಅಗೆದು ಹಾಕಿ ಅತ್ತ ತಲೆ ಹಾಕದೆ ಹೋದ ಮೇಲೆ ಟೈಲರ್ ಅಂಗಡಿಗೆ ನೊಣವೂ ಬರದಂತಾಯಿತು. ಬಾಗಿಲ ಮುಂದೆಯೇ ಆಳುದ್ದದ ಗುಂಡಿ. ಪ್ಯಾಂಟು ಹೊಲಿಸಲು ಬಂದವನು ಅದರಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಆ ಪ್ಯಾಂಟನ್ನು ಯಾರಿಗೆ ತೊಡಿಸುವುದು? ಕೆಲವು ದಿನ ಗುಂಡಿಯನ್ನೇ ನೋಡುತ್ತ ಕೂತಿದ್ದ ಟೈಲರು ಒಂದು ಬೆಳಿಗ್ಗೆ ಕತ್ತರಿಯನ್ನು ಮೇಜಿನ ಮೇಲಿಟ್ಟು, ಬೀದಿ ಮುಚ್ಚುವವರೆಗೆ ಅಂಗಡಿಯೂ ಮುಚ್ಚಿರಲಿ, ಮನೆಮಂದಿಯೆಲ್ಲ ಪ್ರವಾಸ ಹೋಗೋಣ ಎಂದುಬಿಟ್ಟ. ದೇಶ ಸುತ್ತು ಕೋಶ ಓದು ಅಂತಾರೆ, ಕೋಶ ಓದಲು ತನಗೆ ಕಣ್ಣು ಸಾಲದು, ದೇಶವನ್ನಾದರೂ ಸುತ್ತೋಣ ಎಂಬುದು ಅವನ ವಾದ.

ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಬೀದಿಯ ಗುಂಡಿಯಿಂದಾಗಿ ಅಂಗಿಯ ಗುಂಡಿಗೆ ಬಿಡುವು ಸಿಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಗಿರಾಕಿಗಳೆಲ್ಲ ಅವಳನ್ನು ಕರೆಯುವುದು ಕಾಜಮ್ಮ ಎಂದು. ಕಾಜಾ ಕಟ್ಟುವುದು, ಗುಂಡಿ ಹಚ್ಚುವುದು, ಎಲ್ಲಕ್ಕಿಂತ ಮುಖ್ಯವಾಗಿ ಹೊಲಿಗೆ ಬಿಚ್ಚುವುದು ಅವಳ ಕೆಲಸ. ಹೊಲಿಯುವವನು ಅವನು, ಬಿಚ್ಚುವವಳು ಇವಳು. ಮದುವೆಯಾದಾಗಿನಿಂದ ಸಂಸಾರ ನಡೆದದ್ದೇ ಹೀಗೆ.

ಬಿಚ್ಚುವ ಕೆಲಸ ಅಷ್ಟೊಂದು ಇದ್ದದ್ದಕ್ಕೆ ಕಾರಣವಿತ್ತು. ಬೇರೆ ಟೈಲರುಗಳು ಹೆಚ್ಚಿನ ಬಟ್ಟೆಯನ್ನು ಕಚಕ್ಕನೆ ಕತ್ತರಿಸಿ ಎಸೆದರೆ, ಇವನು ಮಾತ್ರ ಅದನ್ನು ಹೊಲಿಗೆಯ ಹಿಂದೆ ಧಾರಾಳವಾಗಿ ಮಡಿಸಿ ಬಿಡುತ್ತಿದ್ದ. ಗಿರಾಕಿ ದಪ್ಪಗಾದಾಗ ಬಿಚ್ಚಿ ಅಗಲ ಮಾಡಿಕೊಡಬಹುದು. ‘ಒಳಗೆ ಬಿಟ್ಟಿದ್ದೀನಿ, ಧೈರ್ಯವಾಗಿ ಊಟ ಮಾಡಿ’ ಎಂದು ಅವನು ಅಂಗಿ ಕೈಗಿಟ್ಟರೆ ಗಿರಾಕಿಗಳು ಖುಷಿಯಾಗಿ ಹೋಗಿ ಹಾಗೆಯೇ ಮಾಡುತ್ತಿದ್ದರು. ಆಮೇಲೆ ಹೊಟ್ಟೆ ಹೊತ್ತುಕೊಂಡು ಕಾಜಮ್ಮನ ಮುಂದೆ ಬಂದು ನಿಲ್ಲುತ್ತಿದ್ದರು.

ಈಗ ಪ್ರವಾಸವೇನೋ ಸರಿ, ಎಲ್ಲಿಗೆ? ಸಣ್ಣ ದೇಶವಾಗಿದ್ದರೆ ಬಸ್ಸು ಹತ್ತಿ ಒಂದು ಸುತ್ತು ಹಾಕಿ ಬರಬಹುದಿತ್ತು. ಇದೋ ಮಹಾ ದೊಡ್ಡ ದೇಶ. ಈ ತುದಿಯವರು ರಾತ್ರಿ ಊಟ ಮುಗಿಸುವ ಹೊತ್ತಿಗೆ ಆ ತುದಿಯಲ್ಲಿ ಇನ್ನೂ ಬಿಸಿಲು. ಎರಡು ಕಡೆ ನೋಡಿದರೆ ಹೆಚ್ಚು. ಆಗಿನ್ನೂ ಕೈಯಲ್ಲಿ ಫೋನು ಹಿಡಿದು ಲೋಕ ನೋಡುವ ಕಾಲವಲ್ಲ. ಹಾಗಾಗಿ ಟೈಲರು ಎಲ್ಲಿಂದಲೋ ಒಂದು ನಕ್ಷೆ ತಂದ. ಶಾಲೆಯ ಗೋಡೆಯ ಮೇಲೆ ನೇತಾಡಿ ನೇತಾಡಿ ಸುಸ್ತಾಗಿ, ನಡುವಿನ ಮಡಿಕೆಯಲ್ಲಿ ಹರಿದು ಎರಡು ತುಂಡಾಗಿದ್ದ ಬಟ್ಟೆಯ ನಕ್ಷೆ ಅದು. ಹೆಂಡತಿ ಒಳಗೆ ಅಡುಗೆ ಮಾಡಿ ಬರುವಷ್ಟರಲ್ಲಿ ಅವನು ಎರಡೂ ತುಂಡನ್ನು ಮಿಷನ್ನಿಗೆ ಕೊಟ್ಟು, ಡಬಲ್ ಹೊಲಿಗೆ ಹಾಕಿ, ಮೇಲೆ ಇಸ್ತ್ರಿ ಎಳೆದು, ಕಟಿಂಗ್ ಮೇಜಿನ ಮೇಲೆ ಹಾಸಿಬಿಟ್ಟಿದ್ದ. ಹೊಲಿಗೆ ಎಲ್ಲಿದೆ ಹುಡುಕಿ ನೋಡೋಣ ಎಂದು ಸವಾಲು ಬೇರೆ.

ಹುಡುಕಿದ್ದು ಮಗಳು. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ಅವಳಿಗೆ ಅಪ್ಪನ ತಪ್ಪು ಹುಡುಕುವುದೇ ಸದ್ಯದ ಕೆಲಸವಾಗಿತ್ತು. ಒಂದು ನದಿ ಚೆಂದವಾಗಿ ಹರಿದು ಬಂದು ನಡುವಿನಲ್ಲಿ ರೈಲು ಹಳಿಗೆ ಸೇರಿಕೊಂಡಿದೆ, ಇದೇನಪ್ಪ, ನೀರಿನ ಮೇಲೆ ರೈಲೋ ರೈಲಿನ ಮೇಲೆ ನೀರೋ ಎಂದು ಕೇಳಿದಳು. ನಕ್ಷೆ ಅಚ್ಚು ಹಾಕಿದವರ ತಪ್ಪು ಎಂದ ಟೈಲರು, ಕೂಡದೆ ಉಳಿದಿದ್ದ ಇನ್ನೊಂದು ನದಿಯನ್ನು ನೀಲಿ ಚಾಕ್‌ಪೀಸಿನಿಂದ ಕೂಡಿಸಿಯೂ ಕೊಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಅವನು.

ಆಮೇಲೆ ಶುರುವಾಯಿತು ನೋಡಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ. ಟೈಲರಿಗೆ ಹಿಮದ ಬೆಟ್ಟ ಬೇಕು. ಇಷ್ಟು ವರ್ಷ ಉಣ್ಣೆಯ ಕೋಟು ಹೊಲಿದಿದ್ದಾನೆ, ಅದು ಯಾವ ಚಳಿಗೆ ಎಂದು ಒಮ್ಮೆಯಾದರೂ ನೋಡಬೇಡವೇ? ಅವನ ತಾಯಿಗೆ ಬಿಸಿನೀರಿನ ಬುಗ್ಗೆ ಬೇಕು, ಮಂಡಿ ಅದ್ದಿಕೊಂಡು ಕೂರಲು. ಮಗಳಿಗೆ ಸಮುದ್ರ. ಅದು ನಕ್ಷೆಯ ಅಂಚಿನಲ್ಲಿತ್ತು, ಅಷ್ಟು ದೂರ ಹೋಗಬೇಕಾದರೆ ಹಡಗಿನವನನ್ನೇ ಮದುವೆಯಾಗು ಎಂದು ಅಜ್ಜಿ ತೀರ್ಪು ಕೊಟ್ಟರು. ಟೈಲರು ಟೇಪು ಹಿಡಿದು ಅಳೆದ. ಹಿಮದ ಬೆಟ್ಟಕ್ಕೂ ಬಿಸಿನೀರಿನ ಬುಗ್ಗೆಗೂ ನಡುವೆ ಬರೀ ಅರ್ಧ ಬೆರಳು! ಇಲ್ಲಿ ನಡುಗಿ ಅಲ್ಲಿಗೆ ಹೋಗಿ ಬೆಚ್ಚಗಾಗುವುದು, ಎರಡೂ ಒಂದೇ ದಿನಕ್ಕೆ ಎಂದು ಅವನು ಮೇಜು ಗುದ್ದಿ ಹೇಳಿದ. ಟೇಪು ಸುಳ್ಳು ಹೇಳುವುದಿಲ್ಲ ಎಂಬುದು ಅವನ ಮಂತ್ರ.

ಎಲ್ಲರೂ ಮುಗಿಸಿದ ಮೇಲೆ ಕಾಜಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ತನಗೆ ಉಪ್ಪುಕೆರೆ ನೋಡಬೇಕು ಎಂದಳು.

ಉಪ್ಪುಕೆರೆ ಎಂದರೆ ಅವಳ ಅಪ್ಪನ ಕೆರೆ. ಅಪ್ಪ ಲಾರಿ ಡ್ರೈವರು, ತೀರಿಕೊಂಡು ಬಹಳ ವರ್ಷವಾಯಿತು. ದೇಶದ ನಟ್ಟನಡುವೆ ಒಂದು ಕೆರೆಯಿದೆ, ದಡವೆಲ್ಲ ಬೆಳ್ಳಗೆ ಉಪ್ಪು, ಕೆಲವು ದಿನ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅಲ್ಲಿಂದಲೇ ನಾನು ಉಪ್ಪು ತುಂಬಿಕೊಂಡು ಬರುವುದು ಎಂದು ಅವನು ಹೇಳುತ್ತಿದ್ದ. ಕುಂಬಳಕಾಯಿ ಗಾತ್ರದ ಆಲಿಕಲ್ಲು ಬಿದ್ದು ಲಾರಿಯ ತಲೆ ತಗ್ಗಿತೆಂದೂ ಹೇಳುತ್ತಿದ್ದ. ಹಾಗಾಗಿ ಬಂಧುಬಳಗವೆಲ್ಲ ಅವನನ್ನು ಕರೆದದ್ದು ಬೊಗಳೆ ಡ್ರೈವರ್ ಎಂದು. ಅವನು ಸತ್ತ ದಿನ ಕೂಡ ಯಾರೋ ಮೂಲೆಯಲ್ಲಿ, ಗುಲಾಬಿ ನೀರು ಬಿಡಿ ಬಾಯಿಗೆ ಎಂದು ನಕ್ಕಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಆ ನಗು ಅವಳ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದಿತ್ತು. ಅಪ್ಪನ ಮಾತನ್ನು ನಂಬಿದವಳು ಅವಳೊಬ್ಬಳೇ, ಅದೂ ನೋಡದೆ ನಂಬಿದ್ದು.

ಪಾಪ, ಗಂಡ ಕನ್ನಡಕ ಹಾಕಿಕೊಂಡು ಹುಡುಕಿದ. ದೇಶದ ನಟ್ಟನಡುವೆ ಹುಡುಕಿದ, ಅತ್ತ ಇತ್ತ ಹುಡುಕಿದ. ಮಗಳೂ ಬಗ್ಗಿ ಹುಡುಕಿದಳು. ಕೆರೆಯಿಲ್ಲ, ಕೆರೆಯ ಹೆಸರೂ ಇಲ್ಲ. ನಡುವೆ ಇದ್ದದ್ದು ಇಸ್ತ್ರಿ ಹೊಡೆದ ಹೊಲಿಗೆ ಮಾತ್ರ.

“ಇಲ್ಲ ಕಣೇ,” ಎಂದ ಗಂಡ, ಮೆಲ್ಲಗೇ. “ಇದ್ದಿದ್ರೆ ಸಿಗ್ತಿತ್ತು. ಸರ್ಕಾರದ ನಕ್ಷೆ ಇದು.”

ಅತ್ತೆ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅವರು ಅತ್ತೆ ಹೇಗಾಗುತ್ತಿದ್ದರು? ಬೀಗರು ಒಳ್ಳೆಯವರೇ, ಬಾಯಿ ಸ್ವಲ್ಪ ಉದ್ದ ಅಷ್ಟೇ, ಸತ್ತವರ ಮಾತನ್ನು ಯಾಕೆ ಅಳೆಯಬೇಕು ಎಂದು ಸಮಾಧಾನ ಮಾಡಹೋಗಿ ಉರಿಯುವ ಬೆಂಕಿಗೆ ತುಪ್ಪ ಸುರಿದರು. ಕಾಜಮ್ಮನಿಗೆ ಕೋಪ ಬಂದರೆ ಕೂಗುವ ಜಾಯಮಾನವಲ್ಲ. ಅವಳು ಸೂಜಿ ತೆಗೆದು ಮತ್ತೆ ಗುಂಡಿ ಹೊಲಿಯಲು ಕೂತಳು.

“ನೀವು ಮೂರು ಜನ ಹೋಗಿ ಬನ್ನಿ. ನಾನು ಬರಲ್ಲ. ನಮ್ಮಪ್ಪ ಸುಳ್ಳ ಅಂತ ಹೇಳೋ ದೇಶದಲ್ಲಿ ನನಗೆ ನೋಡೋಂಥದ್ದು ಏನೂ ಇಲ್ಲ.”

ಆಮೇಲೆ ಅವಳ ಬಾಯಿಗೆ ಬೀಗ. ಕಾಫಿ ಲೋಟ ಬಂತು, ಮಾತು ಬರಲಿಲ್ಲ. ಅನ್ನ ಬಡಿಸಿದಳು, ಇನ್ನೂ ಬೇಕಾ ಎಂದು ಕೇಳಲಿಲ್ಲ. ಬೀದಿಯ ಗುಂಡಿಯನ್ನು ಹಾರಿ ದಾಟಬಹುದಿತ್ತು, ಮನೆಯೊಳಗಿನ ಈ ಗುಂಡಿಯನ್ನು ದಾಟುವುದು ಹೇಗೆಂದು ಟೈಲರಿಗೆ ತಿಳಿಯಲಿಲ್ಲ. ಅವಳಿಲ್ಲದ ಪ್ರವಾಸ ಅವನಿಗೂ ಬೇಡವಾಗಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಗಂಡಸುತನಕ್ಕೆ ಕಡಿಮೆ. ಟಿಕೆಟು ಕೈಗೆ ಕೊಟ್ಟರೆ ಮನಸ್ಸು ಕರಗೀತು ಎಂದು ಲೆಕ್ಕ ಹಾಕಿ, ಮೂರನೆಯ ದಿನ ಮಗಳನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಹೋದ.

ತಿರುಗಿ ಬಂದಾಗ ಅವನ ಮುಖ ಇಂಗು ತಿಂದ ಮಂಗನಂತಿತ್ತು. ಚಪ್ಪಲಿ ಬಿಡುವ ಮೊದಲೇ ಟಿಕೆಟ್ ಗುಮಾಸ್ತನನ್ನು ಬೈಯಲು ಶುರುಮಾಡಿದ. ಹಿಮದ ಬೆಟ್ಟದಿಂದ ಬಿಸಿನೀರಿನ ಬುಗ್ಗೆಗೆ ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಊಟಕ್ಕೆ ತಲುಪುವ ಬಸ್ಸು ಯಾವುದು ಎಂದು ಇವನು ಕೇಳಿದನಂತೆ. ಎರಡು ರಾತ್ರಿ ಬಸ್ಸಿನಲ್ಲೇ ಕಳೆಯಬೇಕು ಎಂದು ಗುಮಾಸ್ತ ಹೇಳಿದನಂತೆ. ಟೇಪಿನಲ್ಲಿ ಅರ್ಧ ಬೆರಳು, ನಾನೇ ಅಳೆದಿದ್ದೇನೆ ಎಂದು ಇವನು ಜೇಬಿನಿಂದ ಟೇಪು ತೆಗೆದು ತೋರಿಸಿದನಂತೆ. ಸಾಲಿನಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಮಗಳು ಅಷ್ಟು ದೂರ ಹೋಗಿ ನಿಂತು ಇವರು ಯಾರೋ ಗೊತ್ತಿಲ್ಲ ಎಂಬಂತೆ ಗೋಡೆ ನೋಡುತ್ತಿದ್ದಳಂತೆ. ಬಸ್ಸು ಓಡಿಸಲು ಬಾರದವರು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ದೇಶವೇ ಉದ್ದ ಅನ್ನುತ್ತಾರೆ ಎಂದು ಟೈಲರು ಬುಸುಗುಟ್ಟಿದ.

ಕಾಜಮ್ಮನ ಕೈಯಲ್ಲಿದ್ದ ಸೂಜಿ ನಿಂತಿತು. ಟೇಪು ಒಂದು ಹೇಳುತ್ತದೆ, ಮೈ ಇನ್ನೊಂದು ಹೇಳುತ್ತದೆ. ಈ ಮಾತನ್ನು ಅವಳು ಎಷ್ಟು ಗಿರಾಕಿಗಳ ಬಾಯಲ್ಲಿ ಕೇಳಿಲ್ಲ! ಆಗೆಲ್ಲ ಅವಳು ಗಂಡನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಎದ್ದು ಮೇಜಿನ ಹತ್ತಿರ ಹೋಗಿ ನಕ್ಷೆಯ ನಡುವೆ ಹೆಬ್ಬೆರಳು ಆಡಿಸಿದಳು. ಹೊಲಿಗೆ ದಪ್ಪಗಿತ್ತು. ತುಂಬಾ ದಪ್ಪಗಿತ್ತು.

“ರೀ,” ಎಂದಳು, ಎರಡು ದಿನದ ಮೇಲೆ ಮೊದಲ ಸಲ. “ಇದಕ್ಕೆ ಒಳಗೆ ಎಷ್ಟು ಬಿಟ್ರಿ?”

ಹೆಂಡತಿ ಮಾತಾಡಿದ ಖುಷಿಗೆ ಗಂಡ ಉಬ್ಬಿಹೋದ. “ಯಾವತ್ತೂ ಬಿಡೋ ಹಾಗೇನೇ. ಆ ಕಡೆ ಒಂದಿಂಚು, ಈ ಕಡೆ ಒಂದಿಂಚು. ಹಳೇ ಬಟ್ಟೆ ನೋಡು, ಪಿಸಿಯಬಾರದು ಅಂತ...”

ಹೇಳುತ್ತಲೇ ಅವನು ನಕ್ಷೆಯ ಹೊಲಿಗೆಯನ್ನು ಮುಟ್ಟಿ ನೋಡಿದ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜಿಗೆ ಏನೂ ತಿಳಿಯದೆ, ಏನಾಯ್ತು, ಯಾಕೆ ಎಲ್ಲರೂ ಕಂಬದ ಹಾಗೆ ನಿಂತಿದ್ದೀರಿ ಎಂದು ಕೇಳಿದರು. ಆಗಿದ್ದು ಇಷ್ಟೇ: ಅವರ ಮಗ ದೇಶವನ್ನು ಪ್ಯಾಂಟು ಹೊಲಿದ ಹಾಗೆ ಹೊಲಿದಿದ್ದ. ಎರಡಿಂಚು ದೇಶ, ಅದರ ಊರು ಕೇರಿ ನದಿ ಹಳಿಗಳ ಸಮೇತ, ಡಬಲ್ ಹೊಲಿಗೆಯ ಒಳಗೆ ಮಡಿಸಿಕೊಂಡು ಮಲಗಿತ್ತು.

ಕಾಜಮ್ಮ ಬ್ಲೇಡು ತೆಗೆದುಕೊಂಡು ಸ್ಟೂಲಿನ ಮೇಲೆ ಕೂತಳು. ಎಂಥೆಂಥ ಹೊಟ್ಟೆಗಳ ಪ್ಯಾಂಟುಗಳನ್ನು ಕಣ್ಣುಮುಚ್ಚಿ ಬಿಚ್ಚಿದ್ದವಳು ಅವತ್ತು ಬ್ಲೇಡನ್ನು ಹೊಲಿಗೆಯ ಮೇಲಿಟ್ಟು ತಡೆದಳು. ಒಳಗೆ ಕೆರೆ ಇಲ್ಲದಿದ್ದರೆ? ಗುಮಾಸ್ತ ಸರಿ, ಅಪ್ಪ ಮಾತ್ರ ತಪ್ಪು ಎಂದಾದರೆ? ಬಿಚ್ಚದೆ ಬಿಟ್ಟರೆ ಅನುಮಾನವಾದರೂ ಉಳಿಯುತ್ತದೆ ಎಂದು ಒಂದು ಕ್ಷಣ ಅನ್ನಿಸಿತು. ಆದರೂ ದಾರ ಕತ್ತರಿಸಿದಳು. ಮೊದಲು ಮೇಲಿನ ಹೊಲಿಗೆ, ಆಮೇಲೆ ಒಳಗಿನದು. ದಾರದ ಎಳೆ ಹಿಡಿದು ಎಳೆದರೆ ದೇಶ ಟರ್ ಟರ್ ಎಂದು ಅಗಲವಾಗುತ್ತ ಬಂತು. ರೈಲು ಹಳಿಗೆ ಸೇರಿದ್ದ ನದಿ ಹಳಿಯನ್ನು ಬಿಟ್ಟು ತನ್ನ ಪಾಡಿಗೆ ಹೊರಟಿತು. ಹೆಸರೇ ಕೇಳದ ಊರುಗಳು ಒಂದೊಂದಾಗಿ ಬೆಳಕಿಗೆ ಬಂದವು. ಆ ಊರುಗಳ ಕೆಳಗೆ, ಇಸ್ತ್ರಿಯ ಗೆರೆ ಮತ್ತು ಸೂಜಿಯ ತೂತುಗಳ ನಡುವೆ, ಹುಣಸೆಬೀಜದಷ್ಟು ದೊಡ್ಡ ಒಂದು ಕೆರೆ ಇತ್ತು. ಮಗಳು ಬಗ್ಗಿ ಅದರ ಪಕ್ಕದ ಸಣ್ಣ ಅಕ್ಷರ ಓದಿದಳು. ಉಪ್ಪುಕೆರೆ.

ಟೈಲರು ಕನ್ನಡಕ ತೆಗೆದು ಒರೆಸಿಕೊಂಡ.

“ಕತ್ತರಿಸಿರ್ಲಿಲ್ಲ ಕಣೇ,” ಎಂದ. “ಒಳಗೇ ಬಿಟ್ಟಿದ್ದೆ.”

ಕಾಜಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. ಅಪ್ಪ ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ ಎಂದುಕೊಂಡಳು, ಹೇಳಲು ಅವನಿಲ್ಲವೆಂಬುದು ಹೊಸದಾಗಿ ನೋವಾಯಿತು. ಅತ್ತೆ ಬಹಳ ಹೊತ್ತು ನಕ್ಷೆಯನ್ನೇ ನೋಡಿ, ಸೊಸೆಯ ಬೆನ್ನ ಮೇಲೆ ಕೈಯಿಟ್ಟು, ಹಾಗಾದರೆ ಆ ಆಲಿಕಲ್ಲೂ ನಿಜವಿರಬಹುದು, ಕುಂಬಳಕಾಯಿ ಅಲ್ಲದಿದ್ದರೂ ನಿಂಬೆಹಣ್ಣಿನಷ್ಟಾದರೂ ಇದ್ದೀತು ಎಂದು ಒಪ್ಪಿಕೊಂಡರು. ಅತ್ತೆಯ ಬಾಯಿಂದ ಇಷ್ಟು ಬರುವುದೇ ಹೆಚ್ಚು.

ಆಮೇಲೆ ಎಲ್ಲಿಗೆ ಹೋಗುವುದೆಂಬ ಚರ್ಚೆ ಬೇಕಾಗಲಿಲ್ಲ. ಉಪ್ಪುಕೆರೆ, ಅಲ್ಲಿಂದ ಬಿಸಿನೀರಿನ ಬುಗ್ಗೆ. ಹಿಮದ ಬೆಟ್ಟವನ್ನು ಟೈಲರೇ ಕೈಬಿಟ್ಟ. ಅದೇನು ಕರಗಿ ಹೋಗುತ್ತದೆಯೇ ಎಂದು ಹೇಳಿ, ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಪೆಚ್ಚಾದ.

ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡ ಮೇಲೆ ಒಂದು ಬೆಳಿಗ್ಗೆ ಅವರು ಕೆರೆಯ ದಡದಲ್ಲಿ ಇಳಿದರು. ದಡ ಅಪ್ಪ ಹೇಳಿದಂತೆಯೇ ಇತ್ತು, ಕಣ್ಣು ಕುಕ್ಕುವ ಬಿಳುಪು. ಉಪ್ಪಿನ ರಾಶಿಗಳು, ಅವುಗಳ ಪಕ್ಕ ಸಾಲಾಗಿ ಲಾರಿಗಳು. ನೀರು ಮಾತ್ರ ಗುಲಾಬಿಯಾಗಿರಲಿಲ್ಲ. ಕೋಟಿನ ಒಳಗೆ ಹಾಕುವ ಅಗ್ಗದ ಅಸ್ತರಿನಂತೆ ಮಸುಕು ಬೂದಿ ಬಣ್ಣ. ಕೆಲವು ದಿನ ಎಂದಿದ್ದ ಅಪ್ಪ, ಎಲ್ಲ ದಿನವೂ ಅಲ್ಲ ಎಂದು ಕಾಜಮ್ಮ ತನಗೆ ತಾನೇ ಹೇಳಿಕೊಂಡಳು. ಅತ್ತೆ ಬಾಯಿ ತೆರೆಯುವುದು ಅವಳ ಕಣ್ಣಂಚಿಗೆ ಕಂಡಿತು.

ಅತ್ತೆಯ ಬಾಯಿಂದ ಮಾತು ಬೀಳುವ ಮೊದಲೇ ಗಂಡ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಕೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆಯುವವನಂತೆ ನೋಡಿದ.

“ಗುಲಾಬಿ,” ಎಂದ. “ಅಚ್ಚ ಗುಲಾಬಿ. ಹುಟ್ಟಿದಾಗಿನಿಂದ ಬಟ್ಟೆ ಬಣ್ಣ ನೋಡಿದ ಕಣ್ಣಿದು, ನನಗೆ ಹೇಳ್ಬೇಡಿ.”

ಟೇಪು ಬಿಟ್ಟು ಇನ್ನೊಂದನ್ನು ನಂಬದ ಮನುಷ್ಯ! ಮಗಳು ಅಪ್ಪನನ್ನು ನೋಡಿದಳು, ಅಜ್ಜಿ ತೆರೆದ ಬಾಯಿ ಮುಚ್ಚಿಕೊಂಡರು. ಕಾಜಮ್ಮ ಬೂದಿ ಬಣ್ಣದ ನೀರನ್ನು ನೋಡಿದಳು, ನಾಚಿಕೆಯಿಲ್ಲದೆ ನಿಂತಿದ್ದ ಗಂಡನನ್ನು ನೋಡಿದಳು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದರೆ ಮೈ ಉರಿಯುತ್ತಿದ್ದ ಆ ಮಾತನ್ನು ಮೊದಲ ಸಲ ತಾನೇ ಬಾಯಿತುಂಬ ಆಡಿದಳು.

“ಬೊಗಳೆ,” ಎಂದಳು, ಮತ್ತು ಅವನ ತೋಳು ಹಿಡಿದುಕೊಂಡಳು.