ಏಳನೆಯ ಕ್ಯಾಮೆರಾ

ಟಿವಿ ಪ್ರಸಾರದ ವ್ಯಾನಿನಲ್ಲಿ ಕೂತು ಆಟದ ತುಣುಕುಗಳನ್ನು ಮತ್ತೆ ತೋರಿಸುವುದು ಅವಳ ಕೆಲಸ, ಎಲ್ಲರೂ ಅವಳನ್ನು ರಿಪ್ಲೇ ಅಕ್ಕ ಎಂದೇ ಕರೆಯುತ್ತಿದ್ದರು. ಫುಟ್‌ಬಾಲ್ ಮೈದಾನದ ಸುತ್ತ ಎಂಟು ಕ್ಯಾಮೆರಾ. ಅವಳ ಪರದೆಯಲ್ಲಿ ಒಮ್ಮೆಗೆ ಹಿಡಿಸುತ್ತಿದ್ದುದು ನಾಲ್ಕೇ ಚೌಕ. ಅದಕ್ಕೇ ಆಟ ಶುರುವಾಗುವ ಮೊದಲು ಎಡಗೋಲಿಗೆ ನಾಲ್ಕು, ಬಲಗೋಲಿಗೆ ನಾಲ್ಕು ಎಂದು ಗುಂಪು ಮಾಡಿಡುತ್ತಿದ್ದಳು. ಗುಂಡಿ ಒತ್ತಿದರೆ ಬೇಕಾದ ಗುಂಪು ಕಣ್ಣೆದುರು. ಹನ್ನೊಂದು ವರ್ಷ ಪಳಗಿದ ಕೈ. ಆ ಮಧ್ಯಾಹ್ನ ಇಂಜಿನಿಯರ್ ಗುಂಪುಗಳನ್ನು ಒಂದು ಸಲ ಒಟ್ಟಿಗೆ ಪರೀಕ್ಷಿಸೋಣ ಎಂದಾಗ, ನಿನಗೆ ಮೀಸೆ ಮೂಡುವ ಮೊದಲಿಂದ ಇದನ್ನೇ ಮಾಡುತ್ತಿದ್ದೇನೆ ಎಂದು ನಗಿಸಿ ಕಳಿಸಿಬಿಟ್ಟಳು.

ಆಟ ಮುಗಿಯಲು ಇಪ್ಪತ್ತು ನಿಮಿಷವಿರುವಾಗ ಬಲಗೋಲಿನ ಬಾಯಲ್ಲಿ ಚೆಂಡು ಪುಟಿಯಿತು. ಗೋಲ್‌ಕೀಪರ್ ಅದನ್ನು ಹೊರಕ್ಕೆ ತಳ್ಳಿದ. ಗೆರೆ ದಾಟಿಲ್ಲ ಎಂದು ಅಂಚಿನಲ್ಲಿ ಬಾವುಟ ಹಿಡಿದು ನಿಂತ ಲೈನ್ಸ್‌ಮನ್ ತಲೆಯಾಡಿಸಿದ, ರೆಫರಿ ಗೋಲು ಕೊಡಲಿಲ್ಲ. ಅವಳು ಮೂರನೆಯ ಕ್ಯಾಮೆರಾದ ದೃಶ್ಯ ಕೊಟ್ಟಳು. ಅದರ ಓರೆನೋಟದಲ್ಲಿ ಚೆಂಡು ಗೆರೆ ದಾಟಿ ಪೂರ್ತಿ ಗೋಲಿನ ಒಳಗೇ ಇದ್ದಂತಿತ್ತು. ಪ್ರಸಾರದ ನಿರ್ದೇಶಕ ಹೆಡ್‌ಫೋನಿನಲ್ಲಿ ಕೇಳಿದ:

"ಬೇರೆ ಆಂಗಲ್ ಇದ್ಯಾ?"

"ಇಲ್ಲ ಸರ್, ಇಷ್ಟೇ."

ಅದನ್ನೇ ಮೂರು ಸಲ ತೋರಿಸಿದರು. ಮೈದಾನದ ದೊಡ್ಡ ಪರದೆಯಲ್ಲೂ ಬಂತು. ಜನ ಎದ್ದು ಲೈನ್ಸ್‌ಮನ್‌ನ ಮೇಲೆ ನೀರಿನ ಬಾಟಲಿ ಎಸೆದರು.

ಸ್ವಲ್ಪ ಹೊತ್ತಿಗೆ ಆಟ ಎಡಕ್ಕೆ ಹೊರಳಿತು. ಅವಳು ಗುಂಡಿ ಒತ್ತಿದಳು. ಎಡಗೋಲಿನ ಗುಂಪಿನಲ್ಲಿ ಏಳನೆಯ ಕ್ಯಾಮೆರಾ ಬಲಗೋಲಿನ ಗೆರೆಯನ್ನು ನೇರವಾಗಿ ತೋರಿಸುತ್ತ ಕೂತಿತ್ತು. ಮಧ್ಯಾಹ್ನ ಅವಳೇ ತಪ್ಪಾಗಿ ಅಲ್ಲಿ ಸೇರಿಸಿದ್ದಳು. ಹಿಂದಕ್ಕೆ ಓಡಿಸಿ ನೋಡಿದಳು: ಅರ್ಧ ಚೆಂಡು ಗೆರೆಯ ಮೇಲೇ ಇತ್ತು, ಪೂರ್ತಿ ದಾಟದೆ ಗೋಲಲ್ಲ. ಲೈನ್ಸ್‌ಮನ್ ಹೇಳಿದ್ದೇ ಸರಿ. ಮೈಕು ಬಾಯ ಹತ್ತಿರವೇ ಇತ್ತು, ಒಂದು ಮಾತು ಸಾಕಿತ್ತು. ಅವಳು ಏಳನೆಯದನ್ನು ಸದ್ದಿಲ್ಲದೆ ಎತ್ತಿ ಬಲಗೋಲಿನ ಗುಂಪಿಗೆ ಸೇರಿಸಿ, ಏನೂ ಆಗದವಳಂತೆ ಕೂತಳು.

ಮನೆಯಲ್ಲಿ ಅತ್ತೆ ಆಟ ನೋಡಿದ್ದರು. ಆ ಕುರುಡನ ಕೈಗೆ ಬಾವುಟ ಕೊಟ್ಟವರು ಯಾರು ಎಂದು ಬೈದು, ನೀನು ತೋರಿಸಿದ್ದಕ್ಕೆ ನಿಜ ಗೊತ್ತಾಯಿತು ನೋಡು ಎಂದು ಸೊಸೆಯನ್ನು ಹೊಗಳಿದರು. ಅವಳು ಅರ್ಧ ಊಟಕ್ಕೇ ತಟ್ಟೆ ಎತ್ತಿದಳು.

ಮೂರನೆಯ ದಿನ ಲೈನ್ಸ್‌ಮನ್ನನ್ನು ಪಂದ್ಯಗಳಿಂದ ಕೈಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂತು. ಆಗ ನಿರ್ದೇಶಕನ ಮುಂದೆ ಬಾಯಿಬಿಟ್ಟಳು. ಆದದ್ದಾಯಿತು, ಕೆದಕಿ ಯಾಕೆ ಹೆಸರು ಕೆಡಿಸಿಕೊಳ್ಳುವುದು ಎಂದ ಆತ. ಅವಳಿಗೆ ಒಂದು ಕ್ಷಣ ಹಗುರವೆನಿಸಿತು. ಹಗುರವೆನಿಸಿದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಲೈನ್ಸ್‌ಮನ್‌ನ ಕಸುಬು ಹೊಲಿಗೆ. ಅವಳು ಅಂಗಡಿಗೆ ಹೋದಾಗ ಮೇಜಿನ ಮೇಲೆ ಬಟ್ಟೆ ಹರವಿ ಗುರುತು ಹಾಕುತ್ತಿದ್ದ. ತಾನು ಯಾರೆಂದು ಹೇಳಿ, ಫೋನಿನಲ್ಲಿ ಏಳನೆಯ ಕ್ಯಾಮೆರಾದ ತುಣುಕು ತೋರಿಸಿದಳು. ಆತ ಎರಡು ಸಲ ನೋಡಿದ.

"ನನ್ನದೇ ತಪ್ಪು ಅಂತ ಆಟದ ಸಂಘಕ್ಕೆ ಬರೆದು ಕೊಟ್ಬಿಟ್ಟೆನಲ್ಲಮ್ಮ. ಕಣ್ಣಾರೆ ನೋಡಿದ್ದೆ. ನಿಮ್ಮ ಟಿವಿ ನೋಡಿದ ಮೇಲೆ ನನ್ನ ಕಣ್ಣೇ ಮೋಸ ಮಾಡ್ತು ಅಂದ್ಕೊಂಡೆ."

"ನಂಗೆ ಅವತ್ತೇ ಗೊತ್ತಾಗಿತ್ತು. ಆಟ ನಡೀತಿರುವಾಗ್ಲೇ."

ಆತ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸೀಮೆಸುಣ್ಣ ಮೇಜಿನ ಮೇಲಿಟ್ಟು, "ನನ್ನ ಹೆಂಡ್ತಿ ಒಬ್ಬಳೇ ಹೇಳಿದ್ದು, ನೀವು ನೋಡಿದ್ದು ಸರಿಯಾಗೇ ಇರುತ್ತೆ ಅಂತ. ಅವಳ ಮೇಲೇ ರೇಗಿಬಿಟ್ಟೆ," ಎಂದ.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಆಟದ ಸಂಘಕ್ಕೆ ಪತ್ರ ಬರೆದಳು. ಗುಂಪು ತಪ್ಪಿದ್ದನ್ನು ಬರೆಯುವುದು ಕಷ್ಟವಾಗಲಿಲ್ಲ. ಮುಚ್ಚಿಟ್ಟಿದ್ದನ್ನು ಬರೆಯಲು ಮೂರು ಹಾಳೆ ಹರಿದಳು.

ಮುಂದಿನ ತಿಂಗಳು ಆತನನ್ನು ಪಂದ್ಯಗಳಿಗೆ ವಾಪಸು ಕರೆದರು. ಪ್ರಸಾರದವರು ಅವಳನ್ನು ಮೈದಾನದಲ್ಲಿ ಕೇಬಲ್ ಎಳೆಯುವ ಕೆಲಸಕ್ಕೆ ಹಾಕಿದರು. ಒಂದು ಸಂಜೆ ಆತ ಪಕ್ಕದಲ್ಲೇ ಹಾದುಹೋಗುತ್ತ ನಿಂತು, ಚೆನ್ನಾಗಿದ್ದೀರಾ ಎಂದು ಕೇಳಿದ. ಹೂಂ ಎಂದಳು, ತಲೆಯೆತ್ತಲು ಆಗಲಿಲ್ಲ.