ಓಮೊಡನ ವೇಷ

“ಬಣ್ಣದ ಖರ್ಚು ಉಳೀತಲ್ಲ ಮಾರಾಯ! ನಿನಗೆ ದೇವರೇ ಹಚ್ಚಿ ಕಳ್ಸಿದ್ದಾನೆ,” ಎಂದು ತಿಲಕ್ ಬಲ್ಲಾಳರು ಹೊಟ್ಟೆ ಕುಲುಕಿಸಿ ನಕ್ಕರು. “ಹಿಡಿ, ಇದನ್ನು ಸೊಂಟಕ್ಕೆ ಸುತ್ತಿಕೊ. ಅಂಗಿ ಬೇಡ.”

ತುಕ್ರ ಕೈಗೆ ಬಿದ್ದ ಬಟ್ಟೆಯನ್ನು ಬಿಡಿಸಿದ. ಚಿರತೆ ಚುಕ್ಕೆಯ ನೈಲಾನು. ಅಂಗಡಿಯ ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರ ದೊಡ್ಡ ಹಾಲಿನ ಹಿಂದೆ, ಪಾತ್ರೆ ತೊಳೆಯುವ ಕೋಣೆಗೆ ತಾಗಿದ ಓಣಿಯಲ್ಲಿ ಇಬ್ಬರೂ ನಿಂತಿದ್ದರು. ಗೋಡೆಯಾಚೆ, ಕಂಪನಿಗೆ ದುಡ್ಡು ಹಾಕಲು ಬಂದವರ ಕೂಟ. ಬಲ್ಲಾಳರು ಕಂಪನಿಯ ಯಜಮಾನರು. ತುಕ್ರ ಅವರ ಆಫೀಸಿನ ನೆಲ ಒರೆಸುವವನು. ಚಹಾ ಕೊಡಲು ಮಾತ್ರ ಬೇರೆ ಜನ ಇಟ್ಟಿದ್ದರು. ಕೊರಗರವನ ಕೈಯ ಚಹಾ ಬಲ್ಲಾಳರ ಗಂಟಲಲ್ಲಿ ಅಬುಧಾಬಿಯಲ್ಲೂ ಇಳಿಯುತ್ತಿರಲಿಲ್ಲ.

“ಇದನ್ನು ಸುತ್ತಿಕೊಂಡು ನಾನೆಂತ ಮಾಡ್ಬೇಕು ಸಾರ್?”

“ಎಂತ ಮಾಡ್ಲಿಕ್ಕೂ ಇಲ್ಲ. ಸ್ಟೇಜಿಗೆ ಬಾ, ಹಲ್ಲು ಕಿಸಿ, ಡೋಲು ಬಾರಿಸು. ಬಾಯಿ ಮಾತ್ರ ಬಿಡ್ಬೇಡ. ಇವತ್ತು ನೀನು ತುಕ್ರ ಅಲ್ಲ. ಓಮೊಡ್.”

ಆ ಹೆಸರು ಕೇಳಿ ತುಕ್ರನ ಕೈ ನಿಂತಿತು.

ಇಥಿಯೋಪಿಯಾದಲ್ಲಿ ಕಂಪನಿ ಒಂದು ನದಿ ದಡವನ್ನೇ ಗುತ್ತಿಗೆಗೆ ಹಿಡಿದು, ಇಲ್ಲಿಯ ಡೈರಿ ದನಗಳಿಗೆಂದು ಮೇವು ಬೆಳೆಯುತ್ತಿತ್ತು. ಶುರುವಿಗೆ ಪಂಪು ನೋಡಿಕೊಳ್ಳಲು ತುಕ್ರನನ್ನು ಅಲ್ಲಿಗೆ ಕಳಿಸಿದ್ದರು. ಓಮೊಡ್ ಆ ದಡದವನು. ಅವನ ದನ, ಅವನಪ್ಪನ ದನ ಅಲ್ಲೇ ಮೇದು ಅಲ್ಲೇ ನೀರು ಕುಡಿದವು. ಸಂಜೆಯಾದರೆ ಪಂಪಿನ ಶೆಡ್ಡಿಗೆ ಬಂದು ಕೂರುತ್ತಿದ್ದ. ಇವನ ತುಳು ಅವನಿಗೆ ಬಾರದು, ಅವನ ಮಾತು ಇವನಿಗೆ ಬಾರದು. ಆದರೂ ಹರಟೆಗೆ ಬರವಿರಲಿಲ್ಲ. ಒಮ್ಮೆ ಓಮೊಡ್ ತನ್ನ ತೋಳನ್ನು ತುಕ್ರನ ತೋಳಿಗೆ ತಾಗಿಸಿ ಹಿಡಿದು, ಯಾವುದು ಯಾರದು ಎನ್ನುವಂತೆ ಹುಬ್ಬು ಹಾರಿಸಿ, ನಕ್ಕದ್ದೇ ನಕ್ಕದ್ದು. ಕಂಪನಿಯ ಫೋಟೋದವನು ಆ ನಗುವನ್ನು ಹಿಡಿದ. ಆಮೇಲೆ ತುಕ್ರನನ್ನು ಕತ್ತರಿಸಿ ತೆಗೆದರು. ಈಗ ಅದೇ ಮುಖ ವೇದಿಕೆಯ ಹಿಂದೆ ಆಳೆತ್ತರ ನೇತಾಡುತ್ತಿತ್ತು, ‘ನಮ್ಮ ಪಾಲುದಾರ ರೈತ’ ಎಂದು ಇಂಗ್ಲಿಷಿನಲ್ಲಿ ಬರೆಸಿಕೊಂಡು.

“ಅವನನ್ನೇ ಕರೆಸ್ತೇನೆ ಅಂದಿದ್ರಲ್ಲ ಸಾರ್?”

“ಆ ಬೇವರ್ಸಿ ಜೈಲಲ್ಲಿ ಬಿದ್ದಿದ್ದಾನೆ. ನಮ್ಮ ಬೇಲಿ ಮುರಿದು ದನ ನುಗ್ಗಿಸಿದ್ದಕ್ಕೆ.”

“ನೀರಿಗೆ ಬಂದದ್ದಾಗಿರ್ಬೇಕು. ಅದು ಅವನದ್ದೇ ಜಾಗ ಅಲ್ವಾ?”

“ಅವನದ್ದು? ಜಾಗದ ಪಟ್ಟೆ ಉಂಟಾ ಅವನ ಹತ್ರ? ನಿನ್ನಪ್ಪನ ಹತ್ರ ಇತ್ತಾ? ನಮ್ಮ ಬೀಡಿನ ಜಾಗದಲ್ಲಿ ಕೊಪ್ಪದ ಗುಡಿಸಲು ಕಟ್ಟಿಕೊಂಡು ಬಿದ್ದವರಲ್ವನಾ ನೀವು?” ಬಲ್ಲಾಳರು ದನಿ ತಗ್ಗಿಸಿದರು. ಅವರ ದನಿ ತಗ್ಗಿದರೇ ಹೆದರಬೇಕು. “ನೋಡು, ಈ ತಿಂಗಳು ನಿನ್ನ ವೀಸಾ ರಿನೀವಲ್ ಉಂಟು. ಮಗಳಿಗೆ ನರ್ಸಿಂಗಿನ ಕಡೇ ವರ್ಷ. ನಾನು ಸೈನ್ ಹಾಕಿದ್ರೆ ಉಂಟು, ಇಲ್ಲದಿದ್ರೆ ಖಲಾಸ್. ಹೆಚ್ಚು ಮಾತಾಡ್ಬೇಡ.”

ಅವರು ಒಳಗೆ ಹೋದ ಮೇಲೆ ಕಂಪನಿಯ ಡ್ರೈವರ್ ಇಲ್ಯಾಸ್ ಡೋಲು ಹೊತ್ತುಕೊಂಡು ಬಂದ. ಊರವರ ಸಂಘದ ಮೆರವಣಿಗೆಗೆಂದು ತರಿಸಿದ್ದ ಅಸಲಿ ಕೊರಗರ ಡೋಲು. ಕಾರಿನಿಂದ ಇಲ್ಲಿಯ ತನಕ ಬಲ್ಲಾಳರು ಅದಕ್ಕೆ ಬೆರಳು ತಾಗಿಸಿರಲಿಲ್ಲ. ತಾಗಿದರೆ ಮೈಲಿಗೆ.

“ತುಕ್ರಣ್ಣ, ಹತ್ತು ನಿಮಿಷದ ಕತೆ. ಕಣ್ಣು ಮುಚ್ಚಿ ಬಾರಿಸಿ ಬಿಡಿ. ಮಗಳು ಯಶ್ಮಿತಾನ ಮುಖ ನೋಡಿ.”

“ಅದೇ ಮುಖಕ್ಕೆ ಹೆದರುವುದು ಇಲ್ಯಾಸ್. ನನ್ನಪ್ಪ ಇವರ ಕಂಬಳದಲ್ಲಿ ಕೋಣಗಳಿಗಿಂತ ಮೊದಲು ಗದ್ದೆಯಲ್ಲಿ ಓಡಿದವ. ಯಾಕೆ ಗೊತ್ತುಂಟಾ? ಕೆಸರಲ್ಲಿ ಗಾಜಿದ್ರೆ ಕೊರಗನ ಕಾಲಿಗೆ ಚುಚ್ಚಲಿ, ಕೋಣನ ಕಾಲಿಗೆ ಬೇಡ ಅಂತ. ಇವಳು ಹುಟ್ಟಿದ ದಿನ ಅಪ್ಪನ ಡೋಲನ್ನು ಒಲೆಗೆ ಹಾಕಿದ್ದೇನೆ. ಇನ್ನು ಕರೆದವರ ಅಂಗಳದಲ್ಲಿ ಬಾರಿಸುವ ಕೆಲಸ ಇಲ್ಲ ಅಂತ.”

“ಸರಿ, ಬಾರಿಸ್ಬೇಡಿ. ಫೀಸಿಗೆಂತ ಮಾಡ್ತೀರಿ?”

ತುಕ್ರ ಚಿರತೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡ. ಅಂಗಿ ಕಳಚಿದ. ಏಸಿಯ ಗಾಳಿಗೆ ಬರಿಮೈ ಜುಮ್ಮೆಂದಿತು.

ವೇದಿಕೆಯ ಮೇಲೆ ಬಲ್ಲಾಳರು ಮೈಕು ಹಿಡಿದು ಹಿಂದಿ ಇಂಗ್ಲಿಷು ಕಲಸಿ ಬಡಿಸುತ್ತಿದ್ದರು. ಆ ನೆಲದಲ್ಲಿ ನರಪಿಳ್ಳೆ ಇರಲಿಲ್ಲವಂತೆ, ಬರೀ ಪೊದೆ. ಎಕರೆಗೆ ವರ್ಷದ ಗುತ್ತಿಗೆ ಅಂದರೆ ಇಲ್ಲಿ ಒಂದು ಶವರ್ಮಾದ ರೇಟಂತೆ. ನೀರಿಗೆ ಮೀಟರಿಲ್ಲ, ಕೂಲಿಯವರಿಗೆ ಬಾಯಿಯಿಲ್ಲ. “ಈಗ ನೋಡಿ, ಅದೇ ನೆಲದಲ್ಲಿ ತಲೆತಲಾಂತರದಿಂದ ಬದುಕಿದ ನಮ್ಮ ಓಮೊಡ್!” ನರಪಿಳ್ಳೆಯಿಲ್ಲದ ಜಾಗದಲ್ಲಿ ತಲೆತಲಾಂತರ ಬದುಕಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಚಪ್ಪಾಳೆ ಬಿತ್ತು.

ತುಕ್ರ ಡೋಲು ಕೊರಳಿಗೆ ಹಾಕಿಕೊಂಡು ಬೆಳಕಿಗೆ ಬಂದ. ಮುಂದಿನ ಮೇಜುಗಳಲ್ಲಿ ಊರ ಕಡೆಯವರು. ನಟ್ಟನಡುವೆ ಬಲ್ಲಾಳರ ಹೆಂಡತಿ ಲೋಲಾಕ್ಷಿಯಮ್ಮ. ಹಿಂದಿನ ಮೇಜುಗಳಲ್ಲಿ ಗುಜರಾತಿಗಳು, ಮಲಯಾಳಿಗಳು, ಬಿಳಿ ನಿಲುವಂಗಿಯ ನಾಲ್ಕಾರು ಅರಬರು. ಊರವರಿಗೆ ಆ ಡೋಲಿನ ಗುರುತು ಹತ್ತಲು ಎಷ್ಟು ಹೊತ್ತು? ಮೊರಿಸ್ ಎಂಬ ಕಂಟ್ರಾಕ್ಟರು ಗ್ಲಾಸೆತ್ತಿ ಕೂಗಿದ:

“ಬಲ್ಲಾಳ್ರೇ, ನಿಮ್ಮ ಆಫ್ರಿಕಾ ಕಾರ್ಕಳದಿಂದ ಎಷ್ಟು ಕಿಲೋಮೀಟರ್ ಮಾರಾಯ್ರೇ?”

ಮುಂದಿನ ಮೇಜುಗಳು ಹೊಟ್ಟೆ ಹಿಡಿದು ನಕ್ಕವು. “ನಮ್ಮ ಕೊರಗನೇ ಮಾರ್ರೆ! ಏನು ಫಸ್ಟ್ ಕ್ಲಾಸ್ ಹೊಂದಿದ್ದಾನೆ!” ಎಂದ ಇನ್ನೊಬ್ಬ. ಹಿಂದಿನವರಿಗೆ ಏನೂ ಅರ್ಥವಾಗದೆ ಅವರೂ ಜೊತೆಗೆ ನಕ್ಕರು. ಬಲ್ಲಾಳರು ಊರವರ ಕಡೆಗೊಂದು ಕಣ್ಣು ಮಿಟುಕಿಸಿದರು, ನಿಮ್ಮೊಳಗೇ ಇರಲಿ ಎನ್ನುವಂತೆ.

ಬ್ಯಾನರಿನಲ್ಲಿ ಓಮೊಡನೂ ನಗುತ್ತಿದ್ದ. ಆ ನಗು ಯಾವುದಕ್ಕೆಂದು ಅಷ್ಟು ದೊಡ್ಡ ಹಾಲಿನಲ್ಲಿ ಗೊತ್ತಿದ್ದವನು ತುಕ್ರ ಒಬ್ಬನೇ.

“ಬಾರಿಸೋ,” ಎಂದರು ಬಲ್ಲಾಳರು ಹಲ್ಲಿನ ಎಡೆಯಿಂದ.

ತುಕ್ರ ಡೋಲಿನ ಹಗ್ಗವನ್ನು ತನ್ನ ಕೊರಳಿಂದ ತೆಗೆದ. ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮದುವೆಯಲ್ಲಿ ಮಾಲೆ ಹಾಕುವಷ್ಟು ನಿಧಾನವಾಗಿ, ಬಲ್ಲಾಳರ ಕೊರಳಿಗೆ ಹಾಕಿದ.

ಮುಂದಿನ ಮೇಜುಗಳ ಉಸಿರು ನಿಂತಿತು. ಹಿಂದಿನ ಮೇಜುಗಳು ಇದು ಆ ದೇಶದ ಸನ್ಮಾನ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದವು. “ಯಲ್ಲಾ, ಬಲ್ಲಾಳ್! ಯಲ್ಲಾ!” ಎಂದು ಅರಬನೊಬ್ಬ ಹುರಿದುಂಬಿಸಿದ. ಮೊಬೈಲುಗಳು ಮೇಲೆದ್ದವು. ಬಲ್ಲಾಳರ ಹೊಟ್ಟೆಯ ಮೇಲೆ ಡೋಲು, ಡೋಲಿನ ಮೇಲೆ ಟೈ. ಕಿತ್ತು ಎಸೆದರೆ ದುಡ್ಡು ಹಾಕುವವರ ಎದುರು ಸನ್ಮಾನ ಎಸೆದ ಹಾಗೆ. ಇಟ್ಟುಕೊಂಡರೆ ಊರವರ ಎದುರು ಇದ್ದ ಮಾನ ಎಸೆದ ಹಾಗೆ. ಅವರು ನಗಲು ನೋಡಿದರು, ತುಟಿ ಒಂದೇ ಕಡೆಗೆ ಹೋಯಿತು. ಕಡೆಗೆ ಬಲಗೈ ಎತ್ತಿ ಚರ್ಮದ ಮೇಲೆ ಒಂದೇಟು ಹಾಕಿದರು.

ಚಪ್ಪಾಳೆ ಇನ್ನೂ ಜೋರಾಯಿತು. ಗುಜರಾತಿ ಸೇಠೊಬ್ಬ ಹಿಂದಿನಿಂದ ಕೇಳಿದ: “ಓಮೊಡ್ ಭಾಯಿ, ಖುಷ್?”

ತುಕ್ರ ಮೈಕಿನ ಬಳಿ ಬಾಯಿ ತಂದ. ಗಲ್ಫಿನಲ್ಲಿ ಕಲಿತ ಮುರುಕು ಹಿಂದಿಯಲ್ಲೇ ಹೇಳಿದ: “ಓಮೊಡ್ ಜೈಲಲ್ಲಿದ್ದಾನೆ. ಅವನ ಜಾಗದಲ್ಲಿ ಅವನ ದನ ಮೇಯಿಸಿದ್ದಕ್ಕೆ. ನಾನು ತುಕ್ರ. ಇವರ ಆಫೀಸಲ್ಲಿ ಕಸ ಗುಡಿಸುವವ.”

ಚಪ್ಪಾಳೆ ಮೇಜಿನಿಂದ ಮೇಜಿಗೆ ಆರುತ್ತಾ ಹೋಯಿತು. ಹಾಲಿನ ಬಾಗಿಲಲ್ಲಿ ನಿಂತಿದ್ದ ಇಲ್ಯಾಸ್ ತಲೆಯ ಮೇಲೆ ಕೈ ಹೊತ್ತುಕೊಂಡ.

“ನಾಳೆಯೇ ನಿನ್ನನ್ನು ವಿಮಾನ ಹತ್ತಿಸ್ತೇನೆ, ಬೋಳಿಮಗನೇ,” ಎಂದು ಬಲ್ಲಾಳರು ಡೋಲಿನ ಹಿಂದಿನಿಂದ ಕುದಿದರು. “ಮಗಳು ಹೇಗೆ ಓದ್ತಾಳೆ ನೋಡ್ತೇನೆ.”

“ಹತ್ತಿಸಿ. ಈಗ ನನಗೆ ಹಸಿವಾಗ್ತಾ ಉಂಟು. ನೀವು ಬಾರಿಸಿ.”

ತುಕ್ರ ಮೆಟ್ಟಿಲಿಳಿದ. ಊಟ ಜೋಡಿಸಿಟ್ಟಲ್ಲಿಗೆ ಹೋಗಿ, ತಟ್ಟೆ ತೆಗೆದುಕೊಂಡು, ಅನ್ನ ಮೀನು ಬಡಿಸಿಕೊಂಡ. ಯಾರೂ ಅವನನ್ನು ತಡೆಯಲಿಲ್ಲ, ತಡೆಯಬೇಕಾದರೆ ಮುಟ್ಟಬೇಕಿತ್ತು. ಹಾಗೇ ಮುಂದಿನ ಮೇಜಿಗೆ ಬಂದು ಲೋಲಾಕ್ಷಿಯಮ್ಮನ ಪಕ್ಕದಲ್ಲಿ, ಬಲ್ಲಾಳರಿಗೆಂದು ಖಾಲಿ ಬಿಟ್ಟ ಕುರ್ಚಿಯಲ್ಲಿ ಕೂತ. ಲೋಲಾಕ್ಷಿಯಮ್ಮ ಸೆರಗು ಎಳೆದುಕೊಂಡು ತಮ್ಮ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದರು. ತುಕ್ರನೂ ತನ್ನ ಕುರ್ಚಿಯನ್ನು ಒಂದು ಗೇಣು ಅತ್ತ ಸರಿಸಿಕೊಂಡು, ಅನ್ನಕ್ಕೆ ಕೈ ಹಾಕಿದ.